ಚೀಟಿ ಬರೆದ ಮೇಲೆ ಫೋನ್ ಎತ್ತುವವರು ಯಾರು?

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ತೂಕ ಇಳಿಸುವ ವಾರದ ಇಂಜೆಕ್ಷನ್, ಅದನ್ನು ಮನೆಯಲ್ಲೇ ಕೂತು ಆ್ಯಪ್‌ನಲ್ಲಿ ಡಾಕ್ಟರ ಹತ್ತಿರ ಬರೆಸಿಕೊಳ್ಳುವುದು. ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು, ಪುಟವನ್ನು ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ. ಬರೆದವರ ಗುರುತು ಸಿಗದಂತೆ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 41 ವರ್ಷ. ಎತ್ತರ 158 ಸೆಂಟಿಮೀಟರ್, ತೂಕ 94 ಕೆಜಿ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ತೂಕ ಇಳಿಸುವ ಇಂಜೆಕ್ಷನ್ ಶುರು ಮಾಡಬೇಕು ಅಂತ ಮೂರು ಟೆಲಿಹೆಲ್ತ್ ಪ್ರೋಗ್ರಾಂ ನೋಡಿಟ್ಟಿದ್ದೇನೆ. ಮೊದಲನೆಯದರಲ್ಲಿ ಫಾರ್ಮ್ ತುಂಬಿದರೆ ಸಾಕು, ಡಾಕ್ಟರ ಜೊತೆ ಮಾತೇ ಇಲ್ಲ, ಮಾರನೇ ದಿನವೇ ಔಷಧ ಕಳಿಸುತ್ತಾರೆ. ಎರಡನೆಯದರಲ್ಲಿ ಡಾಕ್ಟರು ವಿಡಿಯೊದಲ್ಲಿ ಮಾತಾಡುತ್ತಾರೆ, ರಕ್ತ ಪರೀಕ್ಷೆ ಕೇಳುತ್ತಾರೆ. ತಿಂಗಳು ತಿಂಗಳು ಮೆಂಬರ್‌ಶಿಪ್ ಕಟ್ಟಬೇಕು, ಔಷಧದ ದುಡ್ಡು ಬೇರೆ. ಮೂರನೆಯದು ಎಲ್ಲಕ್ಕಿಂತ ಅಗ್ಗ. ತೂಕ ಇಳಿಸುವ ಔಷಧ ಸೆಮಗ್ಲುಟೈಡ್, ಫಾರ್ಮಸಿಯಲ್ಲೇ ತಯಾರಿಸಿದ್ದು, ಬಿ12 ವಿಟಮಿನ್ ಸೇರಿಸಿದ್ದು, ಪುಟ್ಟ ಸೀಸೆಯಲ್ಲಿ ಬರುತ್ತದಂತೆ. ಎರಡು ವಾರದಿಂದ ಕೋಷ್ಟಕ ಮಾಡಿಕೊಂಡು ಕೂತಿದ್ದೇನೆ, ಅದನ್ನೂ ಜೊತೆಗೆ ಕಳಿಸಿದ್ದೇನೆ. ಯಾವುದಕ್ಕೆ ಸೇರಲಿ?

ಉತ್ತರ: ನಿಮ್ಮ ಕೋಷ್ಟಕ ಬಹಳ ಅಚ್ಚುಕಟ್ಟಾಗಿದೆ. ಬೆಲೆ ಇದೆ, ಎಷ್ಟು ದಿನಕ್ಕೆ ಔಷಧ ಕೈ ಸೇರುತ್ತದೆ ಅಂತ ಇದೆ, ಆ್ಯಪ್‌ಗೆ ಜನ ಕೊಟ್ಟ ಸ್ಟಾರ್ ಕೂಡ ಇದೆ. ಒಂದು ಕಲಂ ಮಾತ್ರ ಇಲ್ಲ. ಶುರು ಮಾಡಿದ ಆರನೇ ವಾರ, ರಾತ್ರಿ ಹತ್ತು ಗಂಟೆಗೆ, ನಾಲ್ಕನೇ ಸಲ ವಾಂತಿಯಾಗಿ ನೀರು ಕೂಡ ಒಳಗೆ ನಿಲ್ಲದೆ ಹೋದರೆ ಯಾರಿಗೆ ಫೋನ್ ಮಾಡುತ್ತೀರಿ? ಆ ಕಡೆ ಎತ್ತುವವರು ಯಾರು? ಈ ಕಲಂ ಸೇರಿಸಿ. ದುಡ್ಡು ಕಟ್ಟುವ ಮೊದಲೇ ಮೂವರಿಗೂ ಬರೆದು ಕೇಳಿ. 'ಚಾಟ್‌ನಲ್ಲಿ ಮೆಸೇಜ್ ಹಾಕಿ, ಎರಡು ದಿನದೊಳಗೆ ನಮ್ಮ ತಂಡ ನೋಡುತ್ತದೆ' ಅಂದರೆ, ಆ ರಾತ್ರಿ ನಿಮಗೆ ಯಾರೂ ಇಲ್ಲ ಅಂತಲೇ ಅರ್ಥ.

ನನ್ನ ಮಾತು ಕೇಳುವುದಾದರೆ ಎರಡನೆಯದಕ್ಕೆ ಸೇರಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಈ ವ್ಯವಸ್ಥೆಯನ್ನು ನಾನು ಒಳಗಿನಿಂದ ನೋಡಿದ್ದೇನೆ.

ಕೆಲವು ವರ್ಷದ ಹಿಂದೆ ಇಂಥ ಒಂದು ಕಂಪನಿಗೆ ಎಂಟು ತಿಂಗಳು ಕೆಲಸ ಮಾಡಿದೆ. ಸಂಜೆ ಕ್ಲಿನಿಕ್ ಮುಗಿಸಿ ಲ್ಯಾಪ್‌ಟಾಪ್ ತೆರೆದರೆ ಮೂವತ್ತು, ನಲವತ್ತು ಫಾರ್ಮ್ ಕಾದಿರುತ್ತಿದ್ದವು. ಪ್ರತಿಯೊಂದರ ಕೆಳಗೂ ಎರಡು ಬಟನ್. ಹಸಿರು ಒತ್ತಿದರೆ ಚೀಟಿ ತಯಾರು, ಮುಂದಿನ ಫಾರ್ಮ್ ತಾನಾಗಿ ತೆರೆದುಕೊಳ್ಳುತ್ತಿತ್ತು. 'ಇನ್ನಷ್ಟು ಮಾಹಿತಿ ಬೇಕು' ಅನ್ನುವ ಬೂದು ಬಟನ್ ಒತ್ತಿದರೆ ಕಾರಣ ಬರೆಯಬೇಕು, ರೋಗಿಗೆ ಕರೆ ಮಾಡಬೇಕು, ಆ ಹೊತ್ತಿಗೆ ಸಂಬಳ ಬೇರೆ ಇಲ್ಲ. ನಾನು ಬೂದು ಬಟನ್ ಜಾಸ್ತಿ ಒತ್ತುತ್ತಿದ್ದೆ.

ಒಂದು ಸಂಜೆ ಐವತ್ತರ ಹತ್ತಿರದ ಹೆಣ್ಣುಮಗಳೊಬ್ಬರ ಫಾರ್ಮ್ ಬಂತು. ಎಲ್ಲದಕ್ಕೂ 'ಇಲ್ಲ'. ಪಿತ್ತಕೋಶದ ತೊಂದರೆ? ಇಲ್ಲ. ಹೊಟ್ಟೆನೋವು? ಇಲ್ಲ. ಆದರೂ ವಿಡಿಯೊದಲ್ಲಿ ಕರೆದೆ. "ಊಟ ಆದ ಮೇಲೆ ಯಾವತ್ತಾದರೂ ನೋವು ಬರುತ್ತಾ ಅಮ್ಮಾ?" ಅಂದೆ. "ಇಲ್ಲ ಡಾಕ್ಟರೇ, ಸುಮ್ನೆ ಗ್ಯಾಸ್ ಅಷ್ಟೇ" ಅಂದರು. ಹಾಗೆ ಅನ್ನುತ್ತಲೇ ಅವರ ಬಲಗೈ ತಾನಾಗಿ ಬಲಪಕ್ಕೆಯ ಕೆಳಗೆ ಹೋಯಿತು. ನಾಲ್ಕು ಬೆರಳು ಒಳಕ್ಕೆ ಒತ್ತಿ ಹಿಡಿದುಕೊಂಡರು. ಸ್ಕ್ಯಾನ್ ಮಾಡಿಸಿ ಅಂದೆ. ಪಿತ್ತಕೋಶದ ತುಂಬ ಕಲ್ಲು. ಅವರು ಸುಳ್ಳು ಹೇಳಿರಲಿಲ್ಲ. ವರ್ಷಗಳಿಂದ ಆ ನೋವಿಗೆ ಗ್ಯಾಸ್ ಅಂತಲೇ ಹೆಸರಿಟ್ಟುಕೊಂಡಿದ್ದರು. ತೂಕ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಹುಟ್ಟುವುದು ಹಳೆಯ ವಿಷಯ, ಈ ಇಂಜೆಕ್ಷನ್‌ಗಳ ಎಚ್ಚರಿಕೆ ಚೀಟಿಯಲ್ಲೂ ಅದು ಇದೆ. ಅವತ್ತು ಹಸಿರು ಬಟನ್ ಒತ್ತಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಯೋಚನೆ ಬರುತ್ತದೆ. ಎಲ್ಲರಿಗೂ ಒಂದು ಸಲ ವಿಡಿಯೊ ಕರೆ ಇರಲಿ ಅಂತ ಕೇಳಿಕೊಂಡೆ. ಆಗುವುದಿಲ್ಲ ಅಂದರು. ನಾನು ಬಿಟ್ಟೆ.

ಆದ್ದರಿಂದ ನಿಮ್ಮ ಮೊದಲ ಪ್ರೋಗ್ರಾಂ ಬೇಡ. ಮೊದಲ ಭೇಟಿಯಲ್ಲಿ ಡಾಕ್ಟರು ಇವಿಷ್ಟನ್ನಾದರೂ ಬಾಯಿಬಿಟ್ಟು ಕೇಳಬೇಕು: ನಿಮಗಾಗಲಿ, ಮನೆಯಲ್ಲಿ ಯಾರಿಗಾದರೂ ಆಗಲಿ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಅಥವಾ ಎಂಇಎನ್ 2 ಅನ್ನುವ ವಂಶದ ಕಾಯಿಲೆ ಇತ್ತಾ? ಮೇದೋಜೀರಕ ಗ್ರಂಥಿ ಊದಿಕೊಂಡಿದ್ದು ಉಂಟಾ? ಮಗುವಿನ ಯೋಚನೆ ಇದೆಯಾ? ಇನ್ನು ಯಾವ ಯಾವ ಮಾತ್ರೆ ನಡೆಯುತ್ತಿದೆ? ಊಟದ ಜೊತೆ ನಿಮ್ಮ ಸಂಬಂಧ ಹೇಗಿದೆ, ಹಟ ಹಿಡಿದು ಉಪವಾಸ ಬಿದ್ದದ್ದು, ತಿಂದದ್ದನ್ನು ಬೇಕಂತಲೇ ವಾಂತಿ ಮಾಡಿದ್ದು ಇದೆಯಾ? ಕೊನೆಯದನ್ನು ತುಂಬಾ ಜನ ಕೇಳುವುದೇ ಇಲ್ಲ. ನಿಮ್ಮ ವಿಷಯದಲ್ಲಿ ಬಿಪಿ ಮಾತ್ರೆಯ ಮಾತು ಬರಲೇಬೇಕು. ತೂಕ ಇಳಿದಂತೆ ಬಿಪಿಯೂ ಇಳಿಯುತ್ತದೆ. ಮಾತ್ರೆ ಹಳೆಯ ಡೋಸ್‌ನಲ್ಲೇ ಇದ್ದರೆ ಎದ್ದು ನಿಂತಾಗ ತಲೆ ಸುತ್ತಬಹುದು. ಅದನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ.

ಈಗ ಮೂರನೆಯದು, ಆ ಸೀಸೆ. ಇದರ ಬಗ್ಗೆ ನನಗೆ ನಿಜಕ್ಕೂ ಭಯ ಇದೆ. ಕಂಪನಿಯ ಪೆನ್‌ನಲ್ಲಿ ಡೋಸ್ ಮೊದಲೇ ಗೊತ್ತುಮಾಡಿರುತ್ತದೆ. ಸೀಸೆಯಲ್ಲಿ ಬಂದರೆ ಇನ್ಸುಲಿನ್ ಸಿರಿಂಜ್‌ನಲ್ಲಿ ನೀವೇ ಎಳೆದುಕೊಳ್ಳಬೇಕು. ಸಿರಿಂಜ್ ಮೇಲಿನ ಗೆರೆಗಳು ಯೂನಿಟ್ ಲೆಕ್ಕ, ಚೀಟಿಯಲ್ಲಿರುವುದು ಮಿಲಿಗ್ರಾಂ ಲೆಕ್ಕ. ಶುರುವಿನ ಡೋಸ್ 0.25 ಮಿಲಿಗ್ರಾಂ ಅಂದುಕೊಳ್ಳಿ. ಸೀಸೆಯಲ್ಲಿ ಒಂದು ಮಿಲಿಲೀಟರ್‌ಗೆ 2.5 ಮಿಲಿಗ್ರಾಂ ಔಷಧ ಇದ್ದರೆ, ಮಿಲಿಲೀಟರ್‌ಗೆ 100 ಯೂನಿಟ್‌ನ ಸಿರಿಂಜ್‌ನಲ್ಲಿ 10ರ ಗೆರೆವರೆಗೆ ಎಳೆಯಬೇಕು. ಮುಂದಿನ ತಿಂಗಳು ಒಂದು ಮಿಲಿಲೀಟರ್‌ಗೆ 5 ಮಿಲಿಗ್ರಾಂ ಇರುವ ಸೀಸೆ ಬಂತು ಅನ್ನಿ. ಆಗ ಅದೇ ಡೋಸ್‌ಗೆ 5ರ ಗೆರೆ ಸಾಕು. ನೀವು ಅಭ್ಯಾಸದಂತೆ 10ಕ್ಕೆ ಎಳೆದರೆ ಎರಡು ಪಟ್ಟು ಔಷಧ ಮೈಗೆ ಹೋಯಿತು. 0.25 ಅಂದರೆ 25ರ ಗೆರೆ ಅಂದುಕೊಂಡವರೂ ಇದ್ದಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಜುಲೈನಲ್ಲಿ ಇದರ ಮೇಲೆಯೇ ಎಚ್ಚರಿಕೆ ಕೊಟ್ಟಿತು. ಕೆಲವರು ಹೇಳಿದ್ದಕ್ಕಿಂತ 5ರಿಂದ 20 ಪಟ್ಟು ಚುಚ್ಚಿಕೊಂಡು ಆಸ್ಪತ್ರೆ ಸೇರಿದ್ದರು. ಒಮ್ಮೆ ಒಳಗೆ ಹೋದರೆ ತೆಗೆಯಲು ಬರುವುದಿಲ್ಲ. ಸೆಮಗ್ಲುಟೈಡ್ ಅರ್ಧ ಇಳಿಯಲು ಸುಮಾರು ಒಂದು ವಾರ ಬೇಕು.

ಇನ್ನೊಂದು ವಿಷಯ. ಹೀಗೆ ಫಾರ್ಮಸಿಯಲ್ಲಿ ಕಲಸಿ ಮಾಡುವ ಔಷಧಕ್ಕೆ ಕಾಂಪೌಂಡೆಡ್ ಅನ್ನುತ್ತಾರೆ. ಅದನ್ನು ಎಫ್‌ಡಿಎ ಪರೀಕ್ಷಿಸಿ ಒಪ್ಪಿರುವುದಿಲ್ಲ. ಅಸಲಿ ಔಷಧ ಸಿಗದ ಕಾಲದಲ್ಲಿ ಅಲ್ಲಿ ಅದಕ್ಕೆ ಜಾಗ ಬಿಟ್ಟಿದ್ದರು. ಇದೇ ಥರದ ಇನ್ನೊಂದು ವಾರದ ಇಂಜೆಕ್ಷನ್ ಟಿರ್ಜೆಪಟೈಡ್‌ನ ಕೊರತೆ ತೀರಿತು ಅಂತ 2024ರ ಡಿಸೆಂಬರ್‌ನಲ್ಲಿ, ಸೆಮಗ್ಲುಟೈಡ್ ಕೊರತೆ ತೀರಿತು ಅಂತ 2025ರ ಫೆಬ್ರವರಿಯಲ್ಲಿ ಹೇಳಿಯಾಗಿದೆ. ಬಿ12 ಸೇರಿಸಿದರೆ ತೂಕ ಜಾಸ್ತಿ ಇಳಿಯುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಅಗ್ಗ ಅನ್ನುವ ಒಂದೇ ಕಾರಣಕ್ಕೆ ಅತ್ತ ಹೋಗಬೇಡಿ.

ಎರಡನೆಯದಕ್ಕೂ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಡೋಸ್ ಏರಿಸುವುದು ಡಾಕ್ಟರೋ, ಕ್ಯಾಲೆಂಡರೋ ಅಂತ ಕೇಳಿ. ವೆಗೋವಿ ಅನ್ನುವ ಸೆಮಗ್ಲುಟೈಡ್ ಇಂಜೆಕ್ಷನ್ 0.25ರಿಂದ ಶುರುವಾಗಿ ನಾಲ್ಕು ನಾಲ್ಕು ವಾರಕ್ಕೆ 0.5, 1, 1.7, ಕೊನೆಗೆ 2.4 ಮಿಲಿಗ್ರಾಂಗೆ ಏರುತ್ತದೆ. ಕಾಗದದ ಮೇಲೆ ಹಾಗಿದೆ ನಿಜ. ಆದರೆ 0.5ಕ್ಕೇ ಒದ್ದಾಡುತ್ತಿರುವವರನ್ನು ಇನ್ನೊಂದು ತಿಂಗಳು ಅಲ್ಲೇ ನಿಲ್ಲಿಸಬೇಕಾಗುತ್ತದೆ. ಕೆಲವು ಪ್ರೋಗ್ರಾಂಗಳಲ್ಲಿ ಮುಂದಿನ ಡೋಸ್‌ನ ಡಬ್ಬಿ ತಾನಾಗಿ ಬಂದುಬಿಡುತ್ತದೆ. ಬಂದಮೇಲೆ ಜನ ಹಾಕಿಕೊಳ್ಳುತ್ತಾರೆ, ಸಹಜ ಅಲ್ವಾ?

ದುಡ್ಡಿನ ವಿಷಯದಲ್ಲಿ ಜಾಹೀರಾತಿನ ಅಂಕಿ ನಂಬಬೇಡಿ. ಅದು ಬರೀ ಮೆಂಬರ್‌ಶಿಪ್‌ದೋ, ಔಷಧವೂ ಸೇರಿಯೋ? ಮೊದಲ ತಿಂಗಳ ಸಣ್ಣ ಡೋಸ್‌ದೋ, ದೊಡ್ಡ ಡೋಸ್‌ದೋ? ನಡುವೆ ಬಿಟ್ಟರೆ ದಂಡ ಉಂಟಾ? 2025ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿ ಒಂದು ಟೆಲಿಹೆಲ್ತ್ ಕಂಪನಿಯ ಮೇಲೆ ಕ್ರಮ ತೆಗೆದುಕೊಂಡದ್ದು ಇದಕ್ಕೇ. ತೋರಿಸಿದ ಬೆಲೆಯಲ್ಲಿ ಔಷಧವೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ, ಬಿಡಲು ಹೋದವರಿಗೆ ಶುಲ್ಕ ಬೇರೆ ಅನ್ನುವುದು ಅದರ ಆರೋಪ. ಸ್ಟಾರ್ ನೋಡಿ ನಿರ್ಧಾರ ಮಾಡುವ ನಿಮ್ಮಂಥವರಿಗೆ ಇನ್ನೊಂದು: ಆ ದೂರಿನಲ್ಲಿ ಸುಳ್ಳು ರಿವ್ಯೂಗಳ ಮಾತೂ ಇತ್ತು.

ಯಾವ ಔಷಧ ಅಂತಲೂ ಒಂದು ಮಾತು. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, ಸುಮಾರು 37.7. ಸಾಮಾನ್ಯವಾಗಿ 30 ದಾಟಿದವರಿಗೆ, ಇಲ್ಲವೇ 27 ದಾಟಿ ಬಿಪಿ, ಶುಗರ್‌ನಂಥ ತೊಂದರೆ ಇರುವವರಿಗೆ ಇವನ್ನು ಬರೆಯುತ್ತಾರೆ, ಹಾಗಾಗಿ ನೀವು ಕೇಳುವುದರಲ್ಲಿ ತಪ್ಪೇನಿಲ್ಲ. 2021ರಲ್ಲಿ ಬಂದ ಸ್ಟೆಪ್ 1 ಅಧ್ಯಯನದಲ್ಲಿ ಸೆಮಗ್ಲುಟೈಡ್ 68 ವಾರದಲ್ಲಿ ಸರಾಸರಿ ಶೇ 14.9 ತೂಕ ಇಳಿಸಿತು. ನಿಮ್ಮ ಲೆಕ್ಕಕ್ಕೆ ಅಂದಾಜು 14 ಕೆಜಿ. ಟಿರ್ಜೆಪಟೈಡ್ ಅದಕ್ಕಿಂತ ಜೋರು. ಎರಡನ್ನೂ ಎದುರೆದುರು ಇಟ್ಟು ನೋಡಿದ ಅಧ್ಯಯನ 2025ರಲ್ಲಿ ಬಂತು. 72 ವಾರಕ್ಕೆ ಟಿರ್ಜೆಪಟೈಡ್‌ನಲ್ಲಿ ಶೇ 20.2, ಸೆಮಗ್ಲುಟೈಡ್‌ನಲ್ಲಿ ಶೇ 13.7. ಆದರೆ ಹೃದಯದ ಕಾಯಿಲೆ ಇದ್ದವರಲ್ಲಿ ಸೆಮಗ್ಲುಟೈಡ್ ಹೃದಯಾಘಾತ, ಪಾರ್ಶ್ವವಾಯು, ಹೃದಯದಿಂದ ಬರುವ ಸಾವು ಇವುಗಳನ್ನು ಒಟ್ಟಾರೆ ಶೇ 20ರಷ್ಟು ತಗ್ಗಿಸಿದ್ದು 17,604 ಜನರ ಸೆಲೆಕ್ಟ್ ಅಧ್ಯಯನದಲ್ಲಿ ಕಂಡಿದೆ. ಯಾರಿಗೆ ಯಾವುದು ಅನ್ನುವುದು ಬರೀ ಕೆಜಿ ಲೆಕ್ಕ ಅಲ್ಲ. ಒಂದೇ ಔಷಧ ಮಾರುವ ಪ್ರೋಗ್ರಾಂನವರು ಈ ಮಾತನ್ನೇ ಎತ್ತುವುದಿಲ್ಲ. ನಿಮ್ಮ ಎರಡನೆಯವರು ಎತ್ತುತ್ತಾರಾ ನೋಡಿ.

ಪ್ರಶ್ನೆ: ಡಾಕ್ಟರೇ, ನನಗೆ 26. ಬಿಎಂಐ 24. ಮೂರು ತಿಂಗಳಲ್ಲಿ ಒಂದು ಫೋಟೊ ಶೂಟ್ ಇದೆ, 6 ಕೆಜಿ ಇಳಿಸಬೇಕು. ಒಂದು ಪ್ರೋಗ್ರಾಂನವರು ಆಗುವುದಿಲ್ಲ ಅಂದರು. ಇನ್ನೊಂದರಲ್ಲಿ ತೂಕ 15 ಕೆಜಿ ಜಾಸ್ತಿ ಬರೆದರೆ ಸಿಗುತ್ತೆ ಅಂತ ಗೆಳೆಯ ಹೇಳಿದ. ಬರೆಯಲಾ?

ಉತ್ತರ: ಬೇಡಪ್ಪ. ನಿನಗೆ ಆಗುವುದಿಲ್ಲ ಅಂದವರು ಒಳ್ಳೆಯ ಪ್ರೋಗ್ರಾಂನವರು. ಮುಂದೆ ಯಾವತ್ತಾದರೂ ನಿಜವಾಗಿ ಬೇಕಾದರೆ ಅವರ ಹತ್ತಿರವೇ ಹೋಗು.

ನಿನ್ನಂಥವರು ತೂಕ ಜಾಸ್ತಿ ಬರೆದು ಔಷಧ ತರಿಸಿಕೊಳ್ಳುತ್ತಾರೆ ಅನ್ನುವ ಕಾರಣಕ್ಕೇ ಬ್ರಿಟನ್ನಿನ ಫಾರ್ಮಸಿ ನಿಯಂತ್ರಣ ಸಂಸ್ಥೆ 2025ರ ಫೆಬ್ರವರಿಯಲ್ಲಿ ನಿಯಮ ಬಿಗಿ ಮಾಡಿತು. ಈ ಔಷಧಕ್ಕೆ ಬರೀ ಆನ್‌ಲೈನ್ ಫಾರ್ಮ್ ನಂಬುವಂತಿಲ್ಲ. ವಿಡಿಯೊದಲ್ಲೋ, ಎದುರಿಗೋ, ಹಳೆಯ ದಾಖಲೆಯಲ್ಲೋ ಎತ್ತರ, ತೂಕ ನೋಡಿಯೇ ಕೊಡಬೇಕು. ಇಳಿಯುವ ತೂಕದಲ್ಲಿ ಬರೀ ಕೊಬ್ಬಲ್ಲ, ಮಾಂಸಖಂಡವೂ ಹೋಗುತ್ತದೆ. ಇಳಿಸಲು ಕೊಬ್ಬೇ ಹೆಚ್ಚಿಲ್ಲದ ಮೈಯಿಂದ ಏನು ಹೋಗುತ್ತದೆ ಯೋಚನೆ ಮಾಡು. ಫೋಟೊದಲ್ಲಿ ನೀನು ಬಯಸುವ ಮೈಕಟ್ಟು ಅದೇ ಮಾಂಸಖಂಡದ್ದು.

ಪ್ರಶ್ನೆ: ಮೇಡಂ, ನನಗೆ 52. ಒಂದು ವರ್ಷದ ಪ್ಯಾಕೇಜ್ ತೆಗೆದುಕೊಂಡು ಸೆಮಗ್ಲುಟೈಡ್ ಹಾಕಿಸಿಕೊಂಡೆ. 101 ಕೆಜಿಯಿಂದ 82ಕ್ಕೆ ಬಂದೆ. ಜೀವನದಲ್ಲಿ ಮೊದಲ ಸಲ ಮೆಟ್ಟಿಲು ಹತ್ತುವಾಗ ನಿಲ್ಲಲಿಲ್ಲ. ಪ್ಯಾಕೇಜ್ ಮುಗಿಯಿತು, 'ಅಭಿನಂದನೆ, ನೀವು ಗುರಿ ಮುಟ್ಟಿದ್ದೀರಿ' ಅಂತ ಒಂದು ಮೆಸೇಜ್ ಬಂತು. ಅಷ್ಟೇ. ಐದು ತಿಂಗಳಾಯಿತು, ಈಗ 90. ನಮ್ಮ ಮನೆಯವರು 'ನಿನಗೆ ಬಾಯಿ ಕಟ್ಟೋಕೆ ಆಗಲ್ಲ' ಅನ್ನುತ್ತಾರೆ. ನನಗೂ ಹಾಗೇ ಅನ್ನಿಸಿ ಅಳು ಬರುತ್ತದೆ.

ಉತ್ತರ: ಅಳಬೇಡಿ ಅಮ್ಮಾ. ಮೊದಲು ಈ ಕಾಗದವನ್ನು ಮನೆಯವರಿಗೂ ಓದಿ ಹೇಳಿ.

ಊಟ ಮಾಡಿದಾಗ ನಮ್ಮ ಕರುಳಿನಿಂದ ಜಿಎಲ್‌ಪಿ-1 ಅನ್ನುವ ಹಾರ್ಮೋನ್ ಹೊರಡುತ್ತದೆ. ಸಾಕು, ಹೊಟ್ಟೆ ತುಂಬಿತು ಅಂತ ಮಿದುಳಿಗೆ ಹೇಳುವವುಗಳಲ್ಲಿ ಅದೂ ಒಂದು. ನಮ್ಮ ಮೈಯಲ್ಲಿ ಹುಟ್ಟುವುದು ಕೆಲವೇ ನಿಮಿಷ ಇದ್ದು ಕರಗಿಹೋಗುತ್ತದೆ. ಸೆಮಗ್ಲುಟೈಡ್ ಅದರದೇ ರೂಪ, ಆದರೆ ಬೇಗ ಕರಗದಂತೆ ಮಾಡಿದ್ದು. ವಾರವಿಡೀ ಮಿದುಳಿಗೆ ಸಾಕು ಸಾಕು ಅನ್ನುತ್ತಿರುತ್ತದೆ. ನಿಲ್ಲಿಸಿದ ಮೇಲೆ ಅದು ಮೈಯಿಂದ ಪೂರ್ತಿ ಹೋಗಲು ಐದು ವಾರದ ಆಸುಪಾಸು ಬೇಕು. ನಿಮ್ಮ ಹಸಿವು ಯಾವಾಗ ತಿರುಗಿ ಬಂತು, ನೆನಪು ಮಾಡಿಕೊಳ್ಳಿ. ಕೊನೆಯ ಇಂಜೆಕ್ಷನ್ ಆಗಿ ತಿಂಗಳೊಪ್ಪತ್ತಿನಲ್ಲಿ ಅಂತ ನೀವು ಹೇಳಿದರೆ ನನಗೆ ಆಶ್ಚರ್ಯ ಆಗುವುದಿಲ್ಲ. ಅಷ್ಟು ಹೊತ್ತಿಗೆ ಮೈ ಇನ್ನೊಂದು ಕೆಲಸವನ್ನೂ ಶುರು ಮಾಡಿರುತ್ತದೆ. ತೂಕ ಕಳೆದುಕೊಂಡ ಮೈ ಅದನ್ನು ಬರಗಾಲ ಅಂದುಕೊಂಡು, ಖರ್ಚು ಕಡಿಮೆ ಮಾಡಿ ಹಸಿವನ್ನು ಏರಿಸುತ್ತದೆ. ನೀವು ಬಾಯಿ ಕಟ್ಟಲಿಲ್ಲ ಅಂತಲ್ಲ. ಬಾಯಿ ಕಟ್ಟಲು ಸಹಾಯ ಮಾಡುತ್ತಿದ್ದದ್ದನ್ನು ಕಿತ್ತುಕೊಂಡರು.

ಇದು ನಿಮ್ಮೊಬ್ಬರ ಕಥೆಯೂ ಅಲ್ಲ. ನಾನು ಮೇಲೆ ಹೇಳಿದ ಸ್ಟೆಪ್ 1 ಅಧ್ಯಯನದವರು ಔಷಧ ನಿಲ್ಲಿಸಿ ಒಂದು ವರ್ಷ ಆದ ಮೇಲೆ ಮತ್ತೆ ಕೆಲವರನ್ನು ತೂಗಿ ನೋಡಿದರು. ಇಳಿದಿದ್ದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿತ್ತು. ಸ್ಟೆಪ್ 4 ಅನ್ನುವ ಇನ್ನೊಂದು ಅಧ್ಯಯನದಲ್ಲಿ 20 ವಾರ ಎಲ್ಲರಿಗೂ ಔಷಧ ಕೊಟ್ಟು, ಆಮೇಲೆ ಕೆಲವರಿಗೆ ಗೊತ್ತಾಗದಂತೆ ಬರೀ ನೀರಿನಂಥ ಇಂಜೆಕ್ಷನ್ ಕೊಟ್ಟರು. ಔಷಧ ಮುಂದುವರಿದವರ ತೂಕ ಇನ್ನೂ ಶೇ 7.9 ಇಳಿಯಿತು. ಉಳಿದವರದು ಶೇ 6.9 ಏರಿತು. ಅವರಿಗೆ ತಾವು ಔಷಧ ಬಿಟ್ಟದ್ದೇ ಗೊತ್ತಿರಲಿಲ್ಲ. ಊಟ, ವ್ಯಾಯಾಮದ ಸಲಹೆ ಇಬ್ಬರಿಗೂ ಒಂದೇ ಇತ್ತು. ಇನ್ನು ಇಚ್ಛಾಶಕ್ತಿಯ ಮಾತು ಎಲ್ಲಿ ಬಂತು?

ನನಗೆ ಸಿಟ್ಟು ಬರುವುದು ಆ ಅಭಿನಂದನೆಯ ಮೆಸೇಜ್ ಮೇಲೆ. ಬಿಪಿ ಸರಿಯಾಯಿತು, ಇನ್ನು ಮಾತ್ರೆ ನಿಲ್ಲಿಸಿ ಅಂತ ಯಾರಾದರೂ ಅಭಿನಂದನೆ ಹೇಳುತ್ತಾರಾ? ಸ್ಥೂಲಕಾಯ ಬಹುಕಾಲದ ಕಾಯಿಲೆ ಅಂತ ಗೊತ್ತಿದ್ದೂ ಒಂದು ವರ್ಷದ ಪ್ಯಾಕೇಜ್ ಮಾರಿದ್ದು ತಪ್ಪು. ಪ್ರೋಗ್ರಾಂ ಆರಿಸುವವರು ಮೊದಲ ದಿನವೇ ಕೇಳಬೇಕಾದ ಪ್ರಶ್ನೆ ಇದು: ಹದಿಮೂರನೇ ತಿಂಗಳು ನನಗೇನು ಮಾಡುತ್ತೀರಿ?

ಈಗ ನೀವು ಮಾಡಬೇಕಾದ್ದು ಇಷ್ಟು. ತೂಕ 90ಕ್ಕೆ ಬಂದಿದೆ, ಇನ್ನೂ 101 ಆಗಿಲ್ಲ. ಕಾಯಬೇಡಿ. ಎದುರಿಗೆ ಕೂತು ಮಾತಾಡುವ ಡಾಕ್ಟರ ಹತ್ತಿರ ಹೋಗಿ. ಮತ್ತೆ ಶುರು ಮಾಡಬಹುದಾ, ಕಡಿಮೆ ಡೋಸ್‌ನಲ್ಲಿ ತುಂಬಾ ದಿನ ನಿಲ್ಲಬಹುದಾ, ದುಡ್ಡು ಎಷ್ಟು ಕಾಲ ಹೊಂದುತ್ತದೆ, ಎಲ್ಲವನ್ನೂ ಕೇಳಿ. ಮನೆಯಲ್ಲಿ ಹಳೆಯ 2.4 ಮಿಲಿಗ್ರಾಂ ಪೆನ್ ಉಳಿದಿದ್ದರೆ ಅದನ್ನು ಮಾತ್ರ ತೆಗೆದು ಚುಚ್ಚಿಕೊಳ್ಳಬೇಡಿ. ಐದು ತಿಂಗಳ ಬಿಡುವಿನ ಮೇಲೆ ಮೈಗೆ ಅದು ಹೊಸತು. ಕೆಳಗಿನ ಮೆಟ್ಟಿಲಿಂದಲೇ ಹತ್ತಬೇಕು. ಜೊತೆಗೆ ಪ್ರೋಟೀನ್ ಚೆನ್ನಾಗಿರುವ ಊಟ ಮತ್ತು ವಾರಕ್ಕೆ ಎರಡು, ಮೂರು ದಿನ ಭಾರ ಎತ್ತುವ ವ್ಯಾಯಾಮ ಇರಲಿ, ಮಾಂಸಖಂಡ ಉಳಿಯಲು. ಮೆಟ್ಟಿಲು ಹತ್ತುವ ಆ ಖುಷಿ ಮತ್ತೆ ಬರುತ್ತದೆ.

ಪ್ರಶ್ನೆ: ಔಷಧದ ಡಬ್ಬಿ ಬಂದಾಗ ಒಳಗಿನ ಐಸ್ ಪ್ಯಾಕ್ ಪೂರ್ತಿ ಕರಗಿತ್ತು. ಪೆನ್ ಮುಟ್ಟಿದರೆ ತಣ್ಣಗಿರಲಿಲ್ಲ. ಬಿಸಾಕಬೇಕಾ?

ಉತ್ತರ: ಸುಮ್ನೆ ಬಿಸಾಕಬೇಡಿ, ಮೊದಲು ಯಾವ ಔಷಧ ನೋಡಿ. ಇವೆಲ್ಲ ಇರಬೇಕಾದ್ದು ಫ್ರಿಜ್‌ನಲ್ಲಿ, 2ರಿಂದ 8 ಡಿಗ್ರಿಯಲ್ಲಿ. ಆದರೆ 30 ಡಿಗ್ರಿ ದಾಟದಿದ್ದರೆ ವೆಗೋವಿ ಪೆನ್ 28 ದಿನ, ಝೆಪ್‌ಬೌಂಡ್ ಅನ್ನುವ ಟಿರ್ಜೆಪಟೈಡ್ ಪೆನ್ 21 ದಿನ ಹೊರಗೆ ತಾಳುತ್ತದೆ. ದಾರಿಯಲ್ಲಿ 30 ದಾಟಿತ್ತಾ ಅನ್ನುವುದು ಕಳಿಸಿದವರಿಗೆ ಗೊತ್ತಿರಬೇಕು. ಡಬ್ಬಿಯ ಫೋಟೊ ತೆಗೆದು ಅವತ್ತೇ ಅವರಿಗೆ ಕಳಿಸಿ, ಹಾಕಿಕೊಳ್ಳಬಹುದಾ ಅಂತ ಫಾರ್ಮಸಿಸ್ಟ್ ಕೈಲಿ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಉತ್ತರ ಕೊಡದಿದ್ದರೆ ಅಂಥವರ ಹತ್ತಿರ ಮುಂದಿನ ಡಬ್ಬಿ ಬೇಡ. ಹೆಪ್ಪುಗಟ್ಟಿದ ಪೆನ್ ಮಾತ್ರ, ಆಮೇಲೆ ಕರಗಿದ್ದರೂ, ಉಪಯೋಗಕ್ಕೆ ಬಾರದು.

ಡಬ್ಬಿ ಕೈಯಲ್ಲಿದ್ದಾಗಲೇ ಲೇಬಲ್ ಓದಿ. ಅಕ್ಷರ ತಪ್ಪಿದ್ದರೆ, ಬ್ಯಾಚ್ ನಂಬರ್ ಇಲ್ಲದಿದ್ದರೆ ಮುಟ್ಟಬೇಡಿ. ಓಝೆಂಪಿಕ್ ಕೂಡ ಸೆಮಗ್ಲುಟೈಡ್ ಇಂಜೆಕ್ಷನ್ನೇ. ಅದರ ನಕಲಿ ಬ್ರೆಜಿಲ್, ಬ್ರಿಟನ್, ಅಮೆರಿಕದಲ್ಲಿ ಸಿಕ್ಕಿದ್ದರ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ಎಲ್ಲ ದೇಶಗಳಿಗೂ ಎಚ್ಚರಿಕೆ ಕೊಟ್ಟಿದೆ.

ಪ್ರಶ್ನೆ: ನನಗೆ 31. ನಾಲ್ಕು ತಿಂಗಳಿಂದ ಟಿರ್ಜೆಪಟೈಡ್ ನಡೆಯುತ್ತಿದೆ. ಗರ್ಭನಿರೋಧಕ ಮಾತ್ರೆ ನುಂಗುತ್ತೇನೆ. ಮುಂದಿನ ವರ್ಷ ಮಗು ಬೇಕು ಅಂತ ಇದ್ದೇವೆ. ಆ್ಯಪ್‌ನಲ್ಲಿ ಯಾರೂ ಈ ಬಗ್ಗೆ ಕೇಳಲಿಲ್ಲ.

ಉತ್ತರ: ಕೇಳಬೇಕಿತ್ತು ತಂಗಿ. ಟಿರ್ಜೆಪಟೈಡ್ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಅದರಿಂದ ನುಂಗಿದ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹಿಡಿಯದೇ ಹೋಗಬಹುದು. ಶುರು ಮಾಡಿದ ಮೇಲೆ ನಾಲ್ಕು ವಾರ, ಪ್ರತಿ ಸಲ ಡೋಸ್ ಏರಿಸಿದ ಮೇಲೂ ನಾಲ್ಕು ವಾರ, ಕಾಂಡೋಮ್ ಕೂಡ ಬಳಸಬೇಕು, ಇಲ್ಲವೇ ನುಂಗದೆ ಇರುವ ಬೇರೆ ವಿಧಾನಕ್ಕೆ ಹೋಗಬೇಕು. ತೂಕ ಇಳಿದಂತೆ ನಿಂತಿದ್ದ ಅಂಡೋತ್ಪತ್ತಿ ಮತ್ತೆ ಶುರುವಾಗಿ, ಅಂದುಕೊಳ್ಳದೆ ಬಸಿರಾದವರೂ ಇದ್ದಾರೆ. ಮುಟ್ಟು ತಪ್ಪಿದರೆ ಅವತ್ತೇ ಪರೀಕ್ಷೆ ಮಾಡಿಕೊಳ್ಳಿ. ಮಗುವಿಗೆ ತಯಾರಾಗುವ ಮೊದಲು ಔಷಧ ನಿಲ್ಲಿಸಬೇಕು. ಸೆಮಗ್ಲುಟೈಡ್ ಆದರೆ ಕನಿಷ್ಠ ಎರಡು ತಿಂಗಳು ಮುಂಚೆ. ನಿಮ್ಮದಕ್ಕೆ ಎಷ್ಟು ಮುಂಚೆ ಅಂತ ಸ್ತ್ರೀರೋಗ ತಜ್ಞರ ಹತ್ತಿರ ದಿನ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ: ನಮ್ಮಮ್ಮನಿಗೆ 63. ಹದಿನೈದು ವರ್ಷದಿಂದ ಶುಗರ್. ಗ್ಲಿಮೆಪಿರೈಡ್ ಮಾತ್ರೆ ಇದೆ, ರಾತ್ರಿ ಇನ್ಸುಲಿನ್ ಇದೆ. ಮೂರು ತಿಂಗಳಿಂದ ಆನ್‌ಲೈನ್ ಡಾಕ್ಟರಿಂದ ಸೆಮಗ್ಲುಟೈಡ್ ಬರೆಸಿಕೊಂಡು ಹಾಕಿಕೊಳ್ಳುತ್ತಿದ್ದಾರೆ. ಶುಗರ್ ಡಾಕ್ಟರು ಬೈತಾರೆ ಅಂತ ಅವರಿಗೆ ಹೇಳಿಲ್ಲ. ಮೊನ್ನೆ ಬೆಳಗ್ಗೆ ಬೆವೆತು ನಡುಗಿ ಕೂತುಬಿಟ್ಟರು. ಮುಂದಿನ ತಿಂಗಳು ಮಂಡಿ ಆಪರೇಷನ್ ಇದೆ. ನಾನೇನು ಮಾಡಲಿ?

ಉತ್ತರ: ಇವತ್ತೇ ಶುಗರ್ ಡಾಕ್ಟರಿಗೆ ಫೋನ್ ಮಾಡಿ. ನಾಳೆ ಅನ್ನಬೇಡಿ. ಆ ಬೆವರು, ಆ ನಡುಕ ಶುಗರ್ ಕುಸಿದದ್ದರ ಗುರುತು ಇರಬಹುದು. ಸೆಮಗ್ಲುಟೈಡ್ ಒಂದೇ ಇದ್ದರೆ ಶುಗರ್ ಸಾಮಾನ್ಯವಾಗಿ ಅಷ್ಟು ಇಳಿಯುವುದಿಲ್ಲ. ಗ್ಲಿಮೆಪಿರೈಡ್ ಮತ್ತು ಇನ್ಸುಲಿನ್ ಜೊತೆ ಸೇರಿದಾಗ ಇಳಿಯುತ್ತದೆ. ಅವೆರಡರ ಡೋಸ್ ತಗ್ಗಿಸುವುದು ಡಾಕ್ಟರ ಕೆಲಸ. ಅವರಿಗೆ ಗೊತ್ತೇ ಇಲ್ಲದಿದ್ದರೆ ತಗ್ಗಿಸುವುದು ಹೇಗೆ? ಮತ್ತೆ ಹಾಗೆ ಆದರೆ ಮೊದಲು ಗ್ಲುಕೋಸ್ ನೀರೋ ಸಕ್ಕರೆ ನೀರೋ ಕುಡಿಸಿ, ಆಮೇಲೆ ಮೀಟರ್ ಹಿಡಿಯಿರಿ. ನುಂಗಲಾರದಷ್ಟು ಮಂಪರು ಇದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ.

ಕಣ್ಣಿನ ಪರೀಕ್ಷೆ ಯಾವಾಗ ಆಗಿತ್ತು ಅಂತಲೂ ಕೇಳಿ. ಹಳೆಯ ಶುಗರ್ ಇದ್ದವರಲ್ಲಿ ಅದು ಒಮ್ಮೆಲೇ ಇಳಿದರೆ ರೆಟಿನಾದ ತೊಂದರೆ ಕೆಲವೊಮ್ಮೆ ಕೆರಳುತ್ತದೆ.

ಅಮ್ಮನ ಮೇಲೆ ರೇಗಬೇಡಿ. ಬೈಸಿಕೊಳ್ಳುವ ಹೆದರಿಕೆಯಿಂದ ಮುಚ್ಚಿಟ್ಟಿದ್ದಾರೆ, ಆ ಹೆದರಿಕೆ ಹುಟ್ಟಿಸಿದ್ದರಲ್ಲಿ ನಾವು ಡಾಕ್ಟರುಗಳದೂ ಪಾಲಿದೆ. ಆದರೆ ಆ ಆನ್‌ಲೈನ್ ಡಾಕ್ಟರು ಇನ್ಸುಲಿನ್ ಇರುವವರಿಗೆ ಈ ಔಷಧ ಬರೆದು, ಅದನ್ನು ಬರೆದ ಇನ್ನೊಬ್ಬ ಡಾಕ್ಟರಿಗೆ ಒಂದು ಸಾಲು ಕಳಿಸದೇ ಇದ್ದದ್ದು ನನಗೆ ಒಪ್ಪಿಗೆ ಇಲ್ಲ. ಪ್ರೋಗ್ರಾಂ ಹೋಲಿಸುವ ಎಲ್ಲರೂ ಇದನ್ನೂ ಕೇಳಿ: ನನ್ನ ಮಾಮೂಲಿ ಡಾಕ್ಟರಿಗೆ ಪತ್ರ ಬರೆಯುತ್ತೀರಾ?

ಆಪರೇಷನ್ ವಿಷಯ. ಈ ಔಷಧ ಇದ್ದವರಲ್ಲಿ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಆಪರೇಷನ್‌ಗೆ ಉಪವಾಸ ಇದ್ದರೂ ಒಳಗೆ ಆಹಾರ ಉಳಿದಿರಬಹುದು. ಅರಿವಳಿಕೆ ಕೊಟ್ಟಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಅಪಾಯ. ವಾರದ ಇಂಜೆಕ್ಷನ್ ಆದರೆ ಒಂದು ವಾರ ಮುಂಚೆ ನಿಲ್ಲಿಸಿ ಅಂತ ಅಮೆರಿಕದ ಅರಿವಳಿಕೆ ತಜ್ಞರ ಸಂಘ 2023ರಲ್ಲಿ ಹೇಳಿತ್ತು. 2024ರಲ್ಲಿ ಹಲವು ಸಂಘಗಳು ಕೂಡಿ ಅದನ್ನು ಸಡಿಲ ಮಾಡಿದವು. ಎಲ್ಲರೂ ನಿಲ್ಲಿಸಬೇಕಿಲ್ಲ, ಅಪಾಯ ಜಾಸ್ತಿ ಇರುವವರನ್ನು ನೋಡಿ ನಿರ್ಧರಿಸಿ, ಅಂಥವರಿಗೆ ಮುಂಚಿನ 24 ಗಂಟೆ ಬರೀ ದ್ರವ ಆಹಾರ ಕೊಡಿ ಅಂತ. ಡೋಸ್ ಏರುತ್ತಿರುವ ಕಾಲವನ್ನು ಅಪಾಯ ಜಾಸ್ತಿ ಇರುವ ಕಾಲ ಅಂತಲೇ ಎಣಿಸುತ್ತಾರೆ. ನಿಮ್ಮಮ್ಮ ಈಗ ಅಲ್ಲೇ ಇರಬಹುದು. ನಿಲ್ಲಿಸುವುದೋ ಮುಂದುವರಿಸುವುದೋ ನೀವಾಗಲಿ ಅಮ್ಮನಾಗಲಿ ತೀರ್ಮಾನ ಮಾಡಬೇಡಿ. ಅರಿವಳಿಕೆ ಡಾಕ್ಟರು ಮಾಡಲಿ.

ಅದಕ್ಕೆ ಇವತ್ತು ಒಂದು ಚೀಟಿ ಬರೆದಿಡಿ. ಔಷಧದ ಹೆಸರು, ಈಗಿನ ಡೋಸ್, ಎಂದಿನಿಂದ ಶುರು, ಕೊನೆಯ ಇಂಜೆಕ್ಷನ್ ಹಾಕಿದ ತಾರೀಕು. ಅಮ್ಮನ ಆಸ್ಪತ್ರೆ ಫೈಲಿನ ಮೊದಲ ಪುಟಕ್ಕೆ ಪಿನ್ ಮಾಡಿ. ಪ್ರತಿ ವಾರ ಇಂಜೆಕ್ಷನ್ ಆದ ಮೇಲೆ ಹಳೆಯ ತಾರೀಕು ಹೊಡೆದು ಹೊಸದನ್ನು ಬರೆಯಿರಿ.